ಭತ್ತದ ಹೊಟ್ಟಿಗೆ ನಾಲ್ಕು ಅಂಕ, ನಾರಿನ ಪುಡಿಗೆ ಎರಡೂವರೆ

ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕುಳಿತು ಬಟ್ಟೆಯ ಧೂಳು ಕುಡಿದ ಮೂಗು ನನ್ನದು. ಮುಗ್ಗಲು ಹಿಡಿದ ಬಟ್ಟೆಯನ್ನು ಗಿರಾಕಿ ಚೀಲ ಬಿಚ್ಚುವ ಮೊದಲೇ ಹೇಳಬಲ್ಲೆ. ಹಾಗಿದ್ದೂ ನಮ್ಮ ಹಿತ್ತಲಿನ ಕೋಳಿಗೂಡು ನಾರುತ್ತಿದೆ ಎಂಬುದನ್ನು ಪಕ್ಕದ ಮನೆಯ ಮೇಷ್ಟರು ಬಂದು ಹೇಳಬೇಕಾಯಿತು. "ಏನಮ್ಮಾ, ಕಾಂಪೌಂಡಿನ ಹತ್ತಿರ ಕುಳಿತು ಪತ್ರಿಕೆ ಓದುವ ಹಾಗೇ ಇಲ್ಲವಲ್ಲ" ಎಂದರು, ನಗುತ್ತಲೇ. ಬೈದಿದ್ದರೆ ನಾನೂ ತಿರುಗಿ ಬೈದು ಮರೆತುಬಿಡುತ್ತಿದ್ದೆ. ನಕ್ಕಿದ್ದರಿಂದ ಅದು ಮನಸ್ಸಿನಲ್ಲಿ ಉಳಿಯಿತು.

ಅಂದಿನಿಂದ ಹದಿನಾಲ್ಕು ತಿಂಗಳಲ್ಲಿ ಗೂಡಿನ ನೆಲಕ್ಕೆ ಆರು ಬಗೆಯ ಹಾಸು ಹಾಕಿ ನೋಡಿ, ಐದಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದೇನೆ. ಫಾರಂನವರು ಇದನ್ನೇ ಲಿಟರ್ ಎನ್ನುತ್ತಾರೆ. ನಮ್ಮದು ಫಾರಂ ಅಲ್ಲ. ಕ್ಯಾತ್ಸಂದ್ರದ ಮನೆಯ ಹಿಂದೆ, ಗೋಡೆಗೆ ಒರಗಿಸಿ ಕಟ್ಟಿಸಿದ 6 ಅಡಿ ಉದ್ದ, 4 ಅಡಿ ಅಗಲದ ಗೂಡು. ಅದರ ಮುಂದೆ ಕೋಳಿಗಳು ಓಡಾಡಲು 10 ಅಡಿಗೆ 8 ಅಡಿ ಜಾಲರಿ ಬೇಲಿಯ ಜಾಗ, ಅದರ ಅರ್ಧಕ್ಕೆ ಮಾತ್ರ ತಗಡು. ಒಳಗೆ ನಾಲ್ಕು ಗಿರಿರಾಜ, ಐದು ನಾಟಿ ಹೇಟೆ, ಒಂದು ಜಂಬದ ಹುಂಜ. ಸಾವಿರ ಕೋಳಿ ಸಾಕುವವರಿಗೆ ನನ್ನ ಅಂಕಗಳು ಉಪಯೋಗಕ್ಕೆ ಬಾರದಿರಬಹುದು. ಹತ್ತು ಕೋಳಿಯವರಿಗೆ ಖಂಡಿತ ಬರುತ್ತವೆ.

ನಗುವವರು ನಗಲಿ, ಮೊದಲು ನನ್ನ ಸ್ವಂತ ಬುದ್ಧಿಯ ಕಥೆ. ಅಂಗಡಿಯಲ್ಲಿ ವಾರಕ್ಕೆ ಎರಡು ಚೀಲ ಕತ್ತರಿಸಿದ ಚೂರು ಬಟ್ಟೆ ಬೀಳುತ್ತದೆ. ಹತ್ತಿಯ ಚೂರು, ನೀರು ಹೀರುತ್ತದೆ, ದುಡ್ಡು ಕೊಡಬೇಕಾಗಿಲ್ಲ ಎಂದು ಗೂಡಿನ ತುಂಬ ಹರಡಿದೆ. ಮೂರು ದಿನ ನೋಡಲು ಜಾತ್ರೆಯ ಹಾಗಿತ್ತು. ನಾಲ್ಕನೆಯ ದಿನ ಒಂದು ಗಿರಿರಾಜ ಕುಂಟುತ್ತಿತ್ತು. ಮಡಿಲಿನಲ್ಲಿ ಇಟ್ಟುಕೊಂಡು ನೋಡಿದರೆ ನಡುಬೆರಳಿಗೆ ಕೆಂಪು ನೂಲು ನಾಲ್ಕು ಸುತ್ತು ಬಿಗಿದು, ಬೆರಳು ಊದಿ ನೀಲಿಯಾಗಿತ್ತು. ಹೊಲಿಗೆ ಬಿಚ್ಚುವ ಕೊಕ್ಕೆಯ ತುದಿಯನ್ನು ನೂಲಿನ ಅಡಿಗೆ ತೂರಿಸಿ ಒಂದೊಂದೇ ಸುತ್ತು ಕತ್ತರಿಸುವಾಗ ನನ್ನ ಕೈ ನಡುಗಿತು. ಮದುವೆಯ ರವಿಕೆಗೆ ಕತ್ತರಿ ಹಾಕುವಾಗಲೂ ಈ ಕೈ ನಡುಗಿದ್ದಿಲ್ಲ. ಅದೇ ಸಂಜೆ ಇನ್ನೊಂದು ಹೇಟೆಯ ಕೊಕ್ಕಿನಿಂದ ಗೇಣುದ್ದ ಹಸಿರು ನೂಲು ಎಳೆದೆ. ಒಳಗೆ ಹೋಗಿದ್ದರೆ ಅದರ ಕೊರಳ ಬುಡದ ಮೇವಿನ ಚೀಲದಲ್ಲಿ ಉಂಡೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಬಟ್ಟೆ ಚೂರಿಗೆ ಸೊನ್ನೆ. ಹಳೆಯ ಸೀರೆ, ಬಿಚ್ಚಿದ ಗೋಣಿ ಹಾಸುವ ಯೋಚನೆಯಿರುವವರಿಗೂ ಇದೇ ಮಾತು.

ರಾಗಿ ಹುಲ್ಲಿನ ಪ್ರಯೋಗ ಎರಡು ವಾರ ನಡೆಯಿತು. ಕೊರಟಗೆರೆ ಕಡೆಯ ಊರಿನಿಂದ ಬಂದಿದ್ದ ಅತ್ತೆ ಗೂಡಿನೊಳಗೆ ಇಣುಕಿ, "ದನ ತಿನ್ನುವ ಹುಲ್ಲನ್ನು ಕೋಳಿಯ ಕಾಲಡಿ ಹಾಕಿದ್ದೀಯಲ್ಲ, ಬರಗಾಲ ನೋಡಿದವಳು ನಾನು" ಎಂದರು. ಅಷ್ಟು ಸಾಕಿತ್ತು. ಅತ್ತೆಯ ಮಾತನ್ನು ಬದಿಗಿಟ್ಟರೂ ಹುಲ್ಲು ನನಗೆ ಒಪ್ಪಿಗೆಯಾಗಲಿಲ್ಲ. ಉದ್ದ ಹುಲ್ಲು ಹಿಕ್ಕೆಯ ಜೊತೆ ಸೇರಿ ಚಾಪೆಯಂತೆ ಹೆಣೆದುಕೊಳ್ಳುತ್ತದೆ. ಮೇಲೆ ಬಂಗಾರದ ಬಣ್ಣ, ಅಡಿಯಲ್ಲಿ ಕೆಸರು ಮತ್ತು ಬೂಷ್ಟು. ಬೂಷ್ಟಿನ ಹುಡಿ ಕೋಳಿಯ ಶ್ವಾಸಕೋಶಕ್ಕೆ ಹೋದರೆ ಕಷ್ಟ, ಮರಿಗಳಿಗಂತೂ ಜೀವವೇ ಹೋಗಬಹುದು. ಎರಡು ಅಂಗುಲಕ್ಕೆ ಕತ್ತರಿಸಿ ಹಾಕಿದರೆ ಸ್ವಲ್ಪ ವಾಸಿ. ಕತ್ತರಿಸುವವರು ಯಾರು?

ಇನ್ನು ತೆಂಗಿನ ನಾರಿನ ಪುಡಿ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ನಾರಿನ ಪುಡಿಯನ್ನು ನರ್ಸರಿ ಸಾಮಾನಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವಳು ನಾನೊಬ್ಬಳೇ ಇರಬೇಕು. ಕೊಕೊಪಿಟ್ ಎಂದು ಬರೆದ 5 ಕಿಲೋದ ಇಟ್ಟಿಗೆ, ಕೋಳಿಗೂ ಆಗುತ್ತದೆ ಎಂದು ಅಂಗಡಿಯ ಹುಡುಗ ಭರವಸೆ ಕೊಟ್ಟ. ಹೇಗೆ ಆಗುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಟ್ಟಿಗೆ ಒಣಗಿದ್ದಾಗ ಒಡೆಯುವುದಿಲ್ಲ, ಸುತ್ತಿಗೆಗೂ ಜಗ್ಗಲಿಲ್ಲ. ಗಿಡಕ್ಕೆ ಮಾಡುವಂತೆ ನೀರು ಹಾಕಿದೆ. ಅದು ಉಬ್ಬಿ ಬಟ್ಟೆ ಒಗೆಯುವ ಟಬ್ಬು ತುಂಬಿ ಹೊರಗೆ ಬಂತು. ಆಮೇಲೆ ಅದನ್ನು ಒಣಗಿಸಬೇಕಲ್ಲ! ತಾರಸಿಯ ಮೇಲೆ ನಾಲ್ಕು ದಿನ ಹರಡಿದೆ. ಮೂರನೆಯ ದಿನ ಬೀಸಿದ ಗಾಳಿಗೆ ಅರ್ಧ ಪುಡಿ ಹಾರಿಹೋಗಿ ಮೇಷ್ಟರ ಮನೆಯ ಬಿಳಿ ಪಂಚೆಗಳ ಮೇಲೆ ಕುಳಿತಿತು. ಈ ಸಲ ಅವರು ನಗಲಿಲ್ಲ.

ಉಳಿದ ಅರ್ಧವನ್ನೂ, ನಂತರ ಗುಬ್ಬಿ ರಸ್ತೆಯ ಕಡೆಯ ನಾರಿನ ಘಟಕವೊಂದರಿಂದ ತರಿಸಿದ ಬಿಡಿ ಪುಡಿಯನ್ನೂ ಹಾಕಿ ಎರಡು ತಿಂಗಳು ನೋಡಿದೆ. ನ್ಯಾಯವಾಗಿ ಹೇಳುವುದಾದರೆ ಹೀರುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ತನ್ನ ತೂಕದ ಐದಾರು ಪಟ್ಟು ನೀರನ್ನು ಹಿಡಿದಿಡುತ್ತದೆ. ಮೊದಲ ಮೂರು ವಾರ ಗೂಡಿನಲ್ಲಿ ವಾಸನೆಯೇ ಇರಲಿಲ್ಲ. ತೊಂದರೆ ಇರುವುದು ಅದು ಹಿಡಿದ ನೀರನ್ನು ಬಿಡದಿರುವುದರಲ್ಲಿ. ಬಿಸಿಲು ತಾಗದ ಗೂಡಿನ ಮೂಲೆಯಲ್ಲಿ ತೇವ ಹಾಗೇ ಕುಳಿತು, ಹಿಕ್ಕೆಯೊಂದಿಗೆ ಸೇರಿ ಹೋಳಿಗೆಯಂತೆ ತಟ್ಟಿಕೊಂಡಿತು. ಒಣಗಿದಾಗ ಇನ್ನೊಂದು ಅವತಾರ: ಕೋಳಿ ಕೆದಕಿದಾಗಲೆಲ್ಲ ಕಂದು ಧೂಳು ಎದ್ದು, ನನಗೂ ಕೆಮ್ಮು, ಹುಂಜಕ್ಕೂ ಸೀನು. ಎರಡೂವರೆ ಅಂಕ ಕೊಟ್ಟಿರುವುದು ಬಳಸಿದ ನಂತರ ಅದು ಒಳ್ಳೆಯ ಗೊಬ್ಬರವಾಗುತ್ತದೆ ಎಂಬ ಕಾರಣಕ್ಕೆ. ಗೂಡಿಗೆ ಮಾತ್ರ ಎಂದಾದರೆ ಎರಡೇ.

ಈಗ ಭತ್ತದ ಹೊಟ್ಟು. ಇದರಲ್ಲಿ ಎರಡು ಜಾತಿ ಇದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ, ಅದರಿಂದಲೇ ಒಂದು ಚೀಲ ಹಾಳಾಯಿತು. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಬರುವ ಹೊಟ್ಟು ನುಚ್ಚಾಗಿ, ತೌಡು ಬೆರೆತಿರುತ್ತದೆ. ಕೋಳಿಗಳು ಅದನ್ನು ಹಾಸು ಎಂದು ಒಪ್ಪದೆ ಊಟ ಎಂದು ತಿಳಿಯುತ್ತವೆ, ರಾತ್ರಿ ಇಲಿಗಳೂ ಹಾಗೇ ತಿಳಿಯುತ್ತವೆ. ನಮಗೆ ಬೇಕಾದದ್ದು ಸಿಪ್ಪೆ ಇಡಿಯಾಗಿ ಸುಲಿಯುವ ಹೊಸ ಮಿಲ್ಲಿನ ಹೊಟ್ಟು. ಅಂಗೈಯಲ್ಲಿ ಹಿಡಿದು ನೋಡಿ: ಒಂದೊಂದು ಸಿಪ್ಪೆಯೂ ಪುಟ್ಟ ದೋಣಿಯ ಆಕಾರದಲ್ಲಿ, ತುದಿ ಚೂಪಾಗಿ, ಬಿಡಿಬಿಡಿಯಾಗಿ ಜಾರಬೇಕು. ಊದಿದರೆ ಬಿಳಿ ಹಿಟ್ಟು ಹಾರಬಾರದು. ಆದರೆ ಹೊಸ ಮಿಲ್ಲುಗಳು ಬಾಯ್ಲರಿಗೆ ಈ ಹೊಟ್ಟನ್ನೇ ಉರಿಸುತ್ತವೆ, ಉಳಿದದ್ದನ್ನು ಇಟ್ಟಿಗೆ ಗೂಡಿನವರು ಲಾರಿಗಟ್ಟಲೆ ಒಯ್ಯುತ್ತಾರೆ. ಎರಡು ಚೀಲ ಕೇಳುವ ಹೆಂಗಸನ್ನು ಅವರು ನೋಡುವ ರೀತಿ ಬೇರೆ. ನಾನು ಮಿಲ್ಲಿನ ರೈಟರಿಗೆ ಮಗಳ ಸಮವಸ್ತ್ರ ಹೊಲಿದುಕೊಟ್ಟು ಸ್ನೇಹ ಮಾಡಿಕೊಂಡಿದ್ದೇನೆ.

ಹೊಟ್ಟು ನಾರಿನ ಪುಡಿಯಷ್ಟು ಹೀರುವುದಿಲ್ಲ. ಅದರಲ್ಲಿ ಮರಳಿನಂಥ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದೂ ಇಲ್ಲ. ಇದನ್ನು ದೋಷ ಎಂದುಕೊಂಡಿದ್ದೆ. ಬಳಸುತ್ತಾ ಹೋದಂತೆ ಅದೇ ಗುಣ ಎಂದು ತಿಳಿಯಿತು: ನಡುವೆ ಗಾಳಿ ಆಡುತ್ತದೆ, ಹಿಕ್ಕೆಯ ಮೇಲೆ ಹೊಟ್ಟು ಅಂಟಿ ಅದು ಉಂಡೆಯಾಗಿ ಒಣಗುತ್ತದೆ, ಕೋಳಿಗಳೇ ಕೆದಕಿ ಅದನ್ನು ಮಗುಚುತ್ತವೆ. 24 ಚದರ ಅಡಿಗೆ ಮೂರು ಅಂಗುಲ ದಪ್ಪ ಹಾಸಲು ನನಗೆ ಒತ್ತಿ ತುಂಬಿದ ಎರಡು ಚೀಲ ಬೇಕಾಯಿತು. ಕೋಳಿಗಳು ರಾತ್ರಿ ಕೂರುವ ಕೋಲಿನ ಅಡಿಯ ಒಂದೂವರೆ ಅಡಿ ಪಟ್ಟಿಯನ್ನು ಮಾತ್ರ ವಾರಕ್ಕೊಮ್ಮೆ ಬಾಚಿ ತೆಗೆದು ಹೊಸ ಹೊಟ್ಟು ಸುರಿಯುತ್ತೇನೆ. ಉಳಿದದ್ದನ್ನು ಹಾರೆಗೋಲಿನಿಂದ ಕೆದಕಿ ಬಿಡುತ್ತೇನೆ. ಐದನೆಯ ಅಂಕ ಏಕೆ ಕೊಡಲಿಲ್ಲವೆಂದರೆ, ಆ ಚೂಪು ತುದಿಗಳು ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡು ಅಂಗಡಿಯವರೆಗೂ ಬರುತ್ತವೆ. ಗಿರಾಕಿಯೊಬ್ಬರ ರೇಷ್ಮೆ ರವಿಕೆಯ ಒಳಪದರದಲ್ಲಿ ಒಂದು ಸಿಪ್ಪೆ ಸೇರಿ ಹೊಲಿದುಹೋಗಿತ್ತು.

ಕಡಲೆಕಾಯಿ ಸಿಪ್ಪೆಯನ್ನು ಮಧುಗಿರಿಯ ನಾದಿನಿ ಕಳಿಸಿದ್ದಳು. ಬೇಸಿಗೆಯಲ್ಲಿ ಚೆನ್ನ, ಹಗುರ, ಕೋಳಿಗಳಿಗೆ ಉಳಿದ ಬೀಜ ಹುಡುಕುವ ಕೆಲಸ. ಮಳೆಗಾಲದಲ್ಲಿ ಮಾತ್ರ ಬೇಡ. ಆ ಬಟ್ಟಲಿನಂಥ ಸಿಪ್ಪೆಯೊಳಗೆ ತೇವ ನಿಂತು ಹಸಿರು ಬೂಷ್ಟು ಬರುತ್ತದೆ, ಬೂಷ್ಟು ಹಿಡಿದ ಬೀಜ ತಿಂದರೆ ವಿಷ. ಮೂರು ಅಂಕ, ಅದೂ ಮಳೆ ಶುರುವಾಗುವವರೆಗೆ ಎಂದು ಬರೆದುಕೊಳ್ಳಿ.

ಬಡಗಿಯವರ ಅಂಗಡಿಯಲ್ಲಿ ಹತ್ತರಿ ಹೊಡೆದಾಗ ಬೀಳುವ ಸುರುಳಿ ಸಿಪ್ಪೆ ಸಿಕ್ಕರೆ ಬಿಡಬೇಡಿ. ಮೃದು, ಹೀರುತ್ತದೆ, ಧೂಳಿಲ್ಲ, ವಾಸನೆಯೂ ಹಿತ. ಆದರೆ ಈಗಿನ ಬಡಗಿಯವರಲ್ಲಿ ಮರ ಎಲ್ಲಿದೆ? ಎಲ್ಲ ಪ್ಲೈವುಡ್ಡು. ಅದರ ಪುಡಿಯಲ್ಲಿ ಅಂಟು ಇರುತ್ತದೆ, ಅದನ್ನು ನಾನು ತರುವುದಿಲ್ಲ. ಗರಗಸದ ನುಣ್ಣನೆಯ ಪುಡಿಯೂ ಬೇಡ, ಮರಿಗಳು ಅದನ್ನು ನುಂಗುತ್ತವೆ. ಸುರುಳಿ ಸಿಪ್ಪೆಗೆ ನಾಲ್ಕೂವರೆ ಕೊಡಬಹುದಿತ್ತು, ಸಿಗದ ವಸ್ತುವಿಗೆ ಅಂಕ ಕೊಟ್ಟು ಏನು ಪ್ರಯೋಜನ ಎಂದು ಬಿಟ್ಟಿದ್ದೇನೆ. ಸಿಕ್ಕಷ್ಟನ್ನು ಮೊಟ್ಟೆಯಿಡುವ ಬುಟ್ಟಿಗಳಿಗೆ ಹಾಕುತ್ತೇನೆ.

ಹಾಸನ್ನು ದೂರುವ ಮೊದಲು ನೀರಿನ ಬಟ್ಟಲು ನೋಡಬೇಕು ಎಂಬುದನ್ನು ನಾನು ದುಬಾರಿಯಾಗಿ ಕಲಿತೆ. ಕಳೆದ ವರ್ಷ ಚಿತ್ತೆ ಮಳೆಯಲ್ಲಿ ತಗಡಿನ ಅಂಚಿನ ಹನಿ ಗೂಡಿನ ಬಾಗಿಲೊಳಗೆ ಬೀಳುತ್ತಿತ್ತು, ಒಳಗಿಟ್ಟ ಬಟ್ಟಲನ್ನು ಹುಂಜ ದಿನವೂ ಮಗುಚುತ್ತಿತ್ತು. ಮರಿಗಳ ಹಿಕ್ಕೆಯಲ್ಲಿ ರಕ್ತ ಕಾಣಿಸಿತು. ಹನ್ನೊಂದರಲ್ಲಿ ಎರಡು ಸತ್ತವು. ಪಶು ಆಸ್ಪತ್ರೆಯ ಡಾಕ್ಟರು ರಕ್ತಭೇದಿ ಎಂದು ನೀರಿಗೆ ಬೆರೆಸುವ ಔಷಧ ಬರೆದು, ಹಾಸಿನ ಬಗ್ಗೆ ನನ್ನನ್ನು ಹತ್ತು ನಿಮಿಷ ಕೂರಿಸಿ ಹೇಳಿದರು: ಆ ರೋಗದ ಸೂಕ್ಷ್ಮ ಮೊಟ್ಟೆಗಳು ಹಿಕ್ಕೆಯಲ್ಲಿ ಬರುತ್ತವೆ, ಬೆಚ್ಚಗೆ ತೇವ ಸಿಕ್ಕರೆ ಒಂದೆರಡು ದಿನದಲ್ಲೇ ಬಲಿತು ಇನ್ನೊಂದು ಮರಿಗೆ ಹತ್ತುತ್ತವೆ, ಒಣ ಹಾಸಿನಲ್ಲಿ ಅವುಗಳ ಆಟ ಕಡಿಮೆ. ಅಂದಿನಿಂದ ಬಟ್ಟಲು ಹೊರಗೆ, ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ. ಹಾಗಾಗಿ ಹೊಟ್ಟಿನ ನಾಲ್ಕು ಅಂಕದಲ್ಲಿ ಅರ್ಧ ಅಂಕ ಆ ಇಟ್ಟಿಗೆಗೆ ಸೇರಬೇಕು.

ತೇವ ನೋಡಲು ಮೀಟರ್ ಬೇಡ, ಮುಷ್ಟಿ ಸಾಕು. ಒಂದು ಹಿಡಿ ಹಾಸನ್ನು ಬಿಗಿಯಾಗಿ ಅದುಮಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಒದ್ದೆ ಜಾಸ್ತಿ. ಸ್ವಲ್ಪ ಅಂಟಿಕೊಂಡು ಬಿರಿದರೆ ಹದ. ಅಂಟಲೇ ಇಲ್ಲವೆಂದರೆ ಒಣಗಿ ಧೂಳಾಗುತ್ತಿದೆ. ವಾಸನೆಯನ್ನು ನಿಂತು ನೋಡಬೇಡಿ, ಮಂಡಿಯೂರಿ ಕೋಳಿಯ ತಲೆಯ ಮಟ್ಟಕ್ಕೆ ಮೂಗು ತನ್ನಿ. ನನ್ನ ಮೂಗು ಮೋಸ ಹೋದದ್ದು ಹೀಗೇ, ಐದಡಿ ಎತ್ತರದಲ್ಲಿ ಎಲ್ಲ ಸರಿಯಾಗಿತ್ತು. ಕೆಳಗೆ ಅಮೋನಿಯಾ ಕಣ್ಣು ಉರಿಸುತ್ತಿತ್ತು.

ವಾಸನೆ ಬಂದರೆ ಸುಣ್ಣ ಎರಚಿ ಎಂದು ಎಲ್ಲರೂ ಹೇಳುತ್ತಾರೆ. ಒದ್ದೆ ಹಾಸಿನ ಮೇಲೆ ಎರಚಿದೆ, ವಾಸನೆ ಇಳಿಯುವ ಬದಲು ಮೂಗಿಗೆ ಅಡರಿ ನಾನೇ ಹೊರಗೆ ಓಡಿದೆ. ಸುಣ್ಣದ ಕ್ಷಾರ ಹಿಕ್ಕೆಯ ಅಮೋನಿಯಾವನ್ನು ಇನ್ನಷ್ಟು ಗಾಳಿಗೆ ಬಿಡಿಸುತ್ತದೆ. ಒಲೆಯ ಬೂದಿಯದೂ ಇದೇ ಕಥೆ. ಒದ್ದೆಯನ್ನು ಬಾಚಿ ಹೊರಗೆ ಹಾಕಿ. ಸುಣ್ಣವನ್ನು ಗೂಡು ಖಾಲಿ ಮಾಡಿ ತೊಳೆದ ದಿನ ಬರಿಯ ನೆಲಕ್ಕೆ ಬಳಿಯಿರಿ. ಬೂದಿಯನ್ನು ಒಂದು ಹಳೆಯ ಬಾಣಲೆಯಲ್ಲಿ ಮಣ್ಣಿನೊಂದಿಗೆ ಕಲಸಿಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಹೇನು ಉದುರಿಸಿಕೊಳ್ಳುತ್ತವೆ.

ಬೇಲಿಯ ಜಾಗಕ್ಕೆ ಹೊಟ್ಟು ನಡೆಯುವುದಿಲ್ಲ, ಮೊದಲ ಮಳೆಗೇ ತೇಲಿ ಚರಂಡಿ ಸೇರುತ್ತದೆ. ಅಲ್ಲಿಗೆ ನಾನು ಹಾಕುವುದು ರಸ್ತೆಯ ಹೊಂಗೆ ಮರದ ಒಣ ಎಲೆ, ಅದರಡಿ ಚಿಕ್ಕದಾಗಿ ಕೊಚ್ಚಿದ ತೆಂಗಿನ ಮಟ್ಟೆ. ನೀರು ಮಟ್ಟೆಯ ಸಂದಿನಲ್ಲಿ ಇಳಿದುಹೋಗುತ್ತದೆ, ಎಲೆಯನ್ನು ಕೋಳಿಗಳು ಕೆದಕಿ ಹದಿನೈದು ದಿನದಲ್ಲಿ ಪುಡಿ ಮಾಡುತ್ತವೆ. ಖರ್ಚಿಲ್ಲ. ಮಾಘದ ಹೊತ್ತಿಗೆ ಎಲೆ ಉದುರುವಾಗ ಆರು ಚೀಲ ತುಂಬಿಟ್ಟುಕೊಳ್ಳುತ್ತೇನೆ, ಪೌರಕಾರ್ಮಿಕರ ಪೊರಕೆಗಿಂತ ಮೊದಲು ಏಳಬೇಕು, ಅಷ್ಟೇ.

ತೆಗೆದ ಹಾಸನ್ನು ನೇರವಾಗಿ ಗಿಡಕ್ಕೆ ಹಾಕಬೇಡಿ. ಕರಿಬೇವಿನ ಗಿಡದ ಬುಡಕ್ಕೆ ಒಂದು ಬುಟ್ಟಿ ಹಾಕಿ ಅದನ್ನು ಸುಟ್ಟುಕೊಂಡಿದ್ದೇನೆ. ಮೂಲೆಯಲ್ಲಿ ಗುಡ್ಡೆ ಮಾಡಿ ಎರಡು ಮೂರು ತಿಂಗಳು ಕೊಳೆಯಲು ಬಿಡಬೇಕು. ಹಾಗೆ ಹದವಾದ ಗೊಬ್ಬರವನ್ನು ಈಗ ಮೇಷ್ಟರೇ ತಮ್ಮ ಗುಲಾಬಿಗೆ ಕೇಳಿ ಒಯ್ಯುತ್ತಾರೆ.

ಹೊಟ್ಟಿಗೆ ಹೋಗುವವರು ಚೀಲ, ದಬ್ಬಳ ಮತ್ತು ಸುತಲಿ ದಾರವನ್ನು ಮನೆಯಿಂದಲೇ ಒಯ್ಯಿರಿ. ಮಿಲ್ಲಿನಲ್ಲಿ ಹೊಟ್ಟು ಕೊಡುತ್ತಾರೆ, ಚೀಲ ಕೊಡುವುದಿಲ್ಲ. ಬಾಯಿ ಹೊಲಿಯದ ಚೀಲವನ್ನು ಆಟೋದವರು ಹತ್ತಿಸಿಕೊಳ್ಳುವುದಿಲ್ಲ.