ಕೊಪ್ಪಳದ ನೋಟ್ಸ್ ಮಸ್ಕಿಗೆ: ಎಳೆದು ಬಿಡೋದಾ, ಜೇಸನ್ನಾ, ಫೋಲ್ಡರಾ?

ಮಸ್ಕಿಯ ಗೆಳೆಯನಿಗೂ ನನಗೂ ಒಂದೇ ಹುಚ್ಚು, ಅಶೋಕನ ಶಾಸನಗಳು. 1915ರಲ್ಲಿ ಅವನೂರಲ್ಲಿ ಸಿಕ್ಕ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. ಅದನ್ನು ಹೇಳದೆ ಅವನು ಮಾತು ಮುಗಿಸುವುದಿಲ್ಲ. ನಮ್ಮ ಕೊಪ್ಪಳದಲ್ಲಿ ಹೆಸರಿಲ್ಲದಿದ್ದರೇನು, ಗವಿಮಠ, ಪಾಲ್ಕಿಗುಂಡು ಅಂತ ಎರಡಿವೆ! ಇಬ್ಬರೂ ನೋಟ್ಸ್ ಇಟ್ಟಿರುವುದು ಟಿಡ್ಲಿವಿಕಿ ಅನ್ನೋ ನೋಟ್ಸ್ ಸಾಫ್ಟ್‌ವೇರಿನಲ್ಲಿ. ಇಡೀ ವಿಕಿ ಬ್ರೌಸರಿನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಫೈಲು, ಒಂದೊಂದು ಟಿಪ್ಪಣಿಗೆ ಟಿಡ್ಲರ್ ಅಂತ ಹೆಸರು. ಬ್ರಾಹ್ಮಿ ಅಕ್ಷರಪಟ್ಟಿ, ಪದಕೋಶ ಇಂಥವನ್ನು ಇಬ್ಬರೂ ಟೈಪ್ ಮಾಡೋದ್ಯಾಕೆ ಅಂತ ಹಂಚಿಕೊಳ್ಳಲು ಹೊರಟೆವು.

ಮೊದಲು ಎಳೆದು ಬಿಟ್ಟು ನೋಡಿದೆವು. ಅವನು ಮನೆಗೆ ಬಂದಾಗ ಎರಡೂ ವಿಕಿ ಅಕ್ಕಪಕ್ಕ ತೆರೆದು, 'ಬ್ರಾಹ್ಮಿ' ಟ್ಯಾಗನ್ನೇ ಹಿಡಿದು ಎಳೆದೆ. ಆ ಟ್ಯಾಗಿನ ಟಿಡ್ಲರ್‌ಗಳೆಲ್ಲ ಒಟ್ಟಿಗೆ ಬಂದವು. ಮಜಾ ಇದೆ. ಆದರೆ ಎರಡೂ ಫೈಲು ಒಂದೇ ಕಂಪ್ಯೂಟರಿನಲ್ಲಿರಬೇಕಲ್ವಾ?

ಅದಕ್ಕೇ ಜೇಸನ್ (ಮಾಹಿತಿ ಸಾಗಿಸುವ ಪಠ್ಯರೂಪದ ಫೈಲು). ಟ್ಯಾಗ್ ಕೊಟ್ಟು ಫಿಲ್ಟರ್ ಮಾಡಿ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಸಣ್ಣ ಫೈಲು. ವಾಟ್ಸಾಪ್‌ನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್: "ಏನಪಾ, ನಿನ್ ಫೈಲು ನಂದು ನುಂಗಿಬಿಡ್ತಲ್ಲ!" ಇಬ್ಬರಲ್ಲೂ 'ಗವಿಮಠ' ಅನ್ನೋ ಟಿಡ್ಲರ್ ಇತ್ತು. ಇಲ್ಲಿ ಹೆಸರೇ ಗುರುತು. ಹೆಸರು ಒಂದೇ ಆದರೆ ಹೊಸದು ಹಳೆಯದರ ಮೇಲೆ ಕೂತುಬಿಡುತ್ತದೆ. ಪುಣ್ಯಕ್ಕೆ ಅವನಿನ್ನೂ ಸೇವ್ ಒತ್ತಿರಲಿಲ್ಲ. ರಿಲೋಡ್ ಮಾಡಿದ, ಹಳೆಯದು ವಾಪಸ್ ಬಂತು. ಇಂಪೋರ್ಟ್‌ಗೆ ಮೊದಲು ಒಂದು ಪಟ್ಟಿ ಬರುತ್ತದೆ, ಬೇಡದ್ದರ ಟಿಕ್ ತೆಗೆಯಬಹುದು. ಅದನ್ನು ಓದದೆ ಸುಮ್ನೆ ಒತ್ತಿದ್ದ. ಈಗ ಹಂಚುವ ಟಿಡ್ಲರ್‌ಗಳ ಹೆಸರಿನ ಶುರುವಿಗೇ 'ಕೊಪ್ಪಳ/' ಅಂತ ಸೇರಿಸುತ್ತೇನೆ.

ಇನ್ನೊಂದು ಪೇಚು. ಒಂದು ಟಿಡ್ಲರ್ ಇನ್ನೊಂದನ್ನು ತನ್ನೊಳಗೆ ಎಳೆದು ತೋರಿಸುತ್ತಿದ್ದರೆ ಆ ಇನ್ನೊಂದನ್ನೂ ಕಳಿಸಬೇಕು. ನಾನು ಪದಕೋಶ ಬಿಟ್ಟು ಶಾಸನದ ಪಾಠ ಮಾತ್ರ ಕಳಿಸಿದ್ದೆ. ಅವನಲ್ಲಿ ಅರ್ಥ ಇರಬೇಕಾದ ಜಾಗವೆಲ್ಲ ಖಾಲಿ.

ಅಬ್ಸಿಡಿಯನ್ ಅನ್ನೋ ಇನ್ನೊಂದು ನೋಟ್ಸ್ ಸಾಫ್ಟ್‌ವೇರನ್ನೂ ಒಂದು ವಾರ ನೋಡಿದೆವು. ಅಲ್ಲಿ ಪ್ರತಿ ನೋಟೂ ಒಂದು ಫೋಲ್ಡರಿನೊಳಗೆ ಸಾದಾ ಪಠ್ಯದ ಬೇರೆ ಮಾರ್ಕ್‌ಡೌನ್ ಫೈಲು, ಕಾಪಿ ಮಾಡಿದರೆ ಮುಗೀತು. ಹೆಸರು ಒಂದೇ ಇದ್ದರೆ ಬದಲಿಸಲಾ ಅಂತ ಕಂಪ್ಯೂಟರೇ ಕೇಳುತ್ತದೆ. ಚಿತ್ರಗಳ ಫೋಲ್ಡರ್ ಜೊತೆಗೆ ಹಾಕೋದು ಮರೆಯಬಾರದು, ಅಷ್ಟೇ. ಟಿಡ್ಲಿವಿಕಿಯಲ್ಲಿ ಚಿತ್ರವನ್ನೂ ಟಿಡ್ಲರ್ ಮಾಡಿ ಜೇಸನ್‌ನಲ್ಲೇ ಕಳಿಸಬಹುದು, ಆದರೆ ಫೈಲು ಊದಿಕೊಳ್ಳುತ್ತದೆ.

ಫೋಟೋ ಜಾಸ್ತಿ ಇದ್ದರೆ ಫೋಲ್ಡರೇ ಸರಿ. ಬರೀ ನೋಟ್ಸ್‌ಗೆ ನನ್ನ ಓಟು ಜೇಸನ್‌ಗೆ. ಮೊನ್ನೆ ಅವನೂ 'ಮಸ್ಕಿ/' ಅಂತ ಸೇರಿಸಿ ಹನ್ನೆರಡು ಟಿಡ್ಲರ್ ಕಳಿಸಿದ್ದ. ಒಂದೂ ಡಿಕ್ಕಿ ಹೊಡೆಯಲಿಲ್ಲ.