ಕರಾವಳಿಯ ಸೆಕೆಗೆ ತೂತುಳ್ಳ ಕೃತಕ ಚರ್ಮದ ಸೀಟ್ ಕವರ್: ದೀರ್ಘಕಾಲ ಬಳಸಿದ ಮೇಲೆ

ನನ್ನ ಕಾರಿಗೆ ಹಾಕಿಸಿರುವುದು ಮೈಕ್ರೋಫೈಬರ್ (ಅತಿ ತೆಳುವಾದ ಕೃತಕ ನಾರು) ತಳಕ್ಕೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪಿಸಿ, ಕೂರುವ ಮತ್ತು ಒರಗುವ ನಡುಭಾಗದಲ್ಲಿ ಸಣ್ಣ ತೂತುಗಳನ್ನು ಕೊರೆದಿರುವ ಕೃತಕ ಚರ್ಮದ ಸೀಟ್ ಕವರ್. ಮಂಗಳೂರಿನ ಹಲವು ಬೇಸಿಗೆ, ಮಳೆಗಾಲಗಳನ್ನು ಅದು ದಾಟಿದೆ. ಹಿಂದಿನ ಕಾರಿನ ರೆಕ್ಸಿನ್ ಸೀಟಿನಿಂದ ಎದ್ದಾಗ ಅಂಗಿ ಬೆನ್ನಿಗೆ ಅಂಟಿಕೊಂಡೇ ಬರುತ್ತಿತ್ತು. ಈಗ ಆ ತೊಂದರೆ ಬಹಳಷ್ಟು ತಗ್ಗಿದೆ. ಆದರೆ ಇದು ಕೇವಲ ತೂತುಗಳ ಪ್ರಭಾವ ಎಂದು ಅಂಗಡಿಯವರು ಹೇಳುವುದು ಪೂರ್ತಿ ನಿಜವಲ್ಲ.

ನಾವು ರೆಕ್ಸಿನ್ ಎನ್ನುವುದು ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಿವಿಸಿ ಬಳಿದ ಹಾಳೆ. ಅದರಲ್ಲಿ ಆವಿ ನುಸುಳಲು ದಾರಿಯೇ ಇಲ್ಲವೆನ್ನಬಹುದು. ಮೈಕ್ರೋಫೈಬರ್ ಚರ್ಮದ ತಯಾರಿಕೆ ಬೇರೆ ಬಗೆಯದು. ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿದ ಪಾಲಿಯುರೆಥೇನನ್ನು ನಾರಿನ ಹಾಸಿಗೆ ಹೀರಿಸಿ ನೀರಿನಲ್ಲಿ ಅದ್ದುತ್ತಾರೆ; ದ್ರಾವಕವು ನೀರಿಗೆ ಇಳಿದುಹೋದಂತೆ ಪಾಲಿಯುರೆಥೇನ್ ಹೆಪ್ಪುಗಟ್ಟಿ, ಒಂದರೊಳಗೊಂದು ತೆರೆದುಕೊಳ್ಳುವ ಸೂಕ್ಷ್ಮ ರಂಧ್ರಗಳ ಜಾಲ ಉಳಿಯುತ್ತದೆ. ಬಣ್ಣಕ್ಕೂ ಚರ್ಮದಂಥ ಗೆರೆಗಳಿಗೂ ಮೇಲೆ ಕೂರಿಸುವ ಪದರ ದಪ್ಪವಾದರೆ ಮಾತ್ರ ಈ ಜಾಲವಿದ್ದೂ ಇಲ್ಲದಂತಾಗುತ್ತದೆ. ಹಾಗಾಗಿ ‘ಮೈಕ್ರೋಫೈಬರ್’ ಎಂಬ ಹೆಸರನ್ನಷ್ಟೇ ನಂಬಿ ಹಣ ಕೊಡುವುದು ಸರಿಯಲ್ಲ.

ಹೊಲಿಗೆಯ ನಂತರ ಉಳಿದ ತುಂಡುಗಳನ್ನು ಕೇಳಿ ತಂದಿದ್ದರಿಂದ ಮನೆಯಲ್ಲೇ ಪರೀಕ್ಷಿಸಲು ಸಾಧ್ಯವಾಯಿತು. ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ಬಿಸಿನೀರು ಹಾಕಿ, ತುಂಡನ್ನು ಬಾಯಿಗೆ ಬಿಗಿಯಾಗಿ ಕಟ್ಟಿ, ಮೇಲೊಂದು ಗಾಜಿನ ತಟ್ಟೆ ಮುಚ್ಚಿದೆ. ಹಳೆಯ ರೆಕ್ಸಿನ್ ತುಂಡಿನ ಮೇಲಿನ ಗಾಜು ಒಣಗಿಯೇ ಇತ್ತು. ತೂತಿಲ್ಲದ ಮೈಕ್ರೋಫೈಬರ್ ತುಂಡಿನ ಮೇಲೆ ಕ್ರಮೇಣ ತೆಳುವಾದ ಮಂಜು ಕಟ್ಟಿತು. ತೂತುಳ್ಳದ್ದರ ಮೇಲೆ ತೂತುಗಳ ಸಾಲಿಗೆ ಸರಿಯಾಗಿ ಹನಿಗಳು ಮೂಡಿದವು. ಅದೇ ತೂತುಳ್ಳ ತುಂಡಿನ ಕೆಳಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸೇರಿಸಿ ಕಟ್ಟಿದಾಗ ಗಾಜಿನ ಮೇಲೆ ಏನೂ ಕಾಣಲಿಲ್ಲ. ಸಾರವೆಲ್ಲ ಈ ಕೊನೆಯ ಪ್ರಯೋಗದಲ್ಲೇ ಇದೆ. ಅಗ್ಗದ ಕವರ್‌ಗಳಲ್ಲಿ ತೂತುಳ್ಳ ಚರ್ಮದ ಹಿಂದೆ ಗಾಳಿಯಾಡದ ಫೋಮ್ ಅಂಟಿಸಿರುತ್ತಾರೆ; ಆಗ ತೂತುಗಳು ಬರೀ ಅಲಂಕಾರ. ನನ್ನ ಕವರಿನ ಹಿಂದಿರುವುದು ರಂಧ್ರಗಳು ತೆರೆದಿರುವ ಸ್ಪಂಜು ಮತ್ತು ತೆಳುವಾದ ಹೆಣೆದ ಬಟ್ಟೆ. ಕೊಳ್ಳುವ ಮುನ್ನ ಕವರನ್ನು ತಿರುಗಿಸಿ, ಹಿಂಭಾಗಕ್ಕೆ ಬಾಯಿಟ್ಟು ಊದಿ, ಮುಂದೆ ಹಿಡಿದ ಅಂಗೈಗೆ ಗಾಳಿ ತಾಗುತ್ತದೆಯೇ ಎಂದು ನೋಡಿದರೆ ಸಾಕು.

ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೌಲ್ ಶಾಖವನ್ನು ಒಯ್ಯುತ್ತದೆ. ಆದರೆ ಆವಿ ಸರಿಯುವುದು ತೇವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಜುಲೈ ತಿಂಗಳಲ್ಲಿ ಇಲ್ಲಿಯ ಗಾಳಿಯೇ ನೀರು ಹೊತ್ತು ನಿಂತಿರುವಾಗ ಯಾವ ಸೀಟಿನಿಂದಲೂ ಪವಾಡ ನಿರೀಕ್ಷಿಸುವಂತಿಲ್ಲ. ಎಸಿ ಹಾಕಿದರೆ ಒಳಗಿನ ಗಾಳಿ ಒಣಗಿ ಸ್ವಲ್ಪ ಹೊತ್ತಿನಲ್ಲೇ ವ್ಯತ್ಯಾಸ ತಿಳಿಯುತ್ತದೆ. ಬೇಸಿಗೆಯಲ್ಲಿ ಕಲಬುರಗಿಗೆ ಹೋದಾಗ ಬಿಸಿಲು ಇಲ್ಲಿಗಿಂತ ಉಗ್ರವಾಗಿದ್ದರೂ ಇದೇ ಸೀಟಿನಲ್ಲಿ ಬೆನ್ನು ಒಣಗಿಯೇ ಇತ್ತು.

ನಿಜವಾದ ಚರ್ಮಕ್ಕೆ ಇದು ಸಮವೇ ಎಂದರೆ, ಅಲ್ಲ. ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ನಾರು ಆವಿಯನ್ನು ದಾಟಿಸುವುದಷ್ಟೇ ಅಲ್ಲ, ತೇವವನ್ನು ಹೀರಿ ತನ್ನಲ್ಲಿ ಇರಿಸಿಕೊಂಡು ಆಮೇಲೆ ಬಿಡುತ್ತದೆ. ಮೈಕ್ರೋಫೈಬರಿಗೆ ಬಳಸುವ ನಾರುಗಳಲ್ಲಿ ಪಾಲಿಯೆಸ್ಟರಿಗೆ ಆ ಗುಣವಿಲ್ಲ, ನೈಲಾನಿಗೆ ಅಲ್ಪಸ್ವಲ್ಪ ಇದೆ. ಈ ಕೊರತೆಯನ್ನು ತುಂಬಲೆಂದೇ ಕೆಲವು ತಯಾರಕರು ನೀರನ್ನು ಹಿಡಿಯುವ ಪಾಲಿಮರ್ ಅಥವಾ ಕೊಲಾಜನ್ ಪುಡಿಯನ್ನು ಬೆರೆಸುತ್ತಾರೆ. ಆವಿ ದಾಟುವ ಕೃತಕ ಚರ್ಮದ ಆಸೆ ಹೊಸದೇನಲ್ಲ: ಅಮೆರಿಕದ ಡುಪಾಂಟ್ ಕಂಪನಿಯು 1960ರ ದಶಕದಲ್ಲಿ ಶೂಗಳಿಗಾಗಿ ಕಾರ್ಫಾಮ್ ಎಂಬ ರಂಧ್ರಯುಕ್ತ ವಸ್ತುವನ್ನು ಮಾರುಕಟ್ಟೆಗೆ ತಂದು, 1971ರಲ್ಲಿ ಕೈಬಿಟ್ಟಿತು.

ಇನ್ನು ದೂರುಗಳು. ತೂತು ಆವಿಗೆ ದಾರಿಯಾದಂತೆ ಚಹಾಕ್ಕೂ ದಾರಿ. ಚೆಲ್ಲಿದ ಚಹಾವನ್ನು ತಕ್ಷಣ ಒರೆಸಿದರೂ ಸ್ಪಂಜಿಗೆ ಇಳಿದದ್ದು ಮಳೆಗಾಲದಲ್ಲಿ ಕೆಲವು ದಿನ ಹುಳಿವಾಸನೆ ಬೀರಿತು. ತೂತುಗಳಲ್ಲಿ ಕೂರುವ ಬಿಸ್ಕತ್ತಿನ ಪುಡಿಗೆ ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್ ಬೇಕು. ತಲೆಯೊರಗುವಲ್ಲಿ ತೆಂಗಿನೆಣ್ಣೆಯ ಜಿಡ್ಡನ್ನು ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಹೊಳಪಿನ ಪಾಲಿಶ್ ಮಾತ್ರ ಹಚ್ಚುವುದಿಲ್ಲ, ಏಕೆಂದರೆ ರಂಧ್ರಗಳಿಗಾಗಿ ಹಣ ಕೊಟ್ಟು ಅವುಗಳನ್ನೇ ಮೆತ್ತಿ ಮುಚ್ಚುವುದರಲ್ಲಿ ಅರ್ಥವಿಲ್ಲ. ಪಾಲಿಯುರೆಥೇನಿನ ಕೆಲವು ಬಗೆಗಳು ತೇವ ಮತ್ತು ಶಾಖಕ್ಕೆ ಒಳಗೊಳಗೇ ಒಡೆದು ಸಿಪ್ಪೆಯಂತೆ ಏಳುವುದು ಕರಾವಳಿಯಲ್ಲಿ ನಿಜವಾದ ಭಯ. ನನ್ನದರಲ್ಲಿ ಚಾಲಕ ಹತ್ತಿಳಿಯುವ ಅಂಚಿನ ಹೊಲಿಗೆಯ ಬಳಿ ಬಣ್ಣ ಸವೆದಿದೆಯೇ ಹೊರತು ಪದರ ಎದ್ದಿಲ್ಲ.

ತೂತಿಲ್ಲದ ಪಕ್ಕದ ದಿಂಬುಗಳಲ್ಲಿ ತೊಡೆ ಈಗಲೂ ಬೆವರುತ್ತದೆ. ಮತ್ತೆ ಹೊಲಿಸುವುದಾದರೆ ಇದನ್ನೇ ಆರಿಸುತ್ತೇನೆ. ಆದರೆ ಆ ದಿಂಬುಗಳಿಗೂ ತೂತುಳ್ಳ ಹಾಳೆಯನ್ನೇ ಕೇಳುತ್ತೇನೆ, ಒಳಗೆ ಸ್ಪಂಜಿನ ಬದಲು ದಪ್ಪ ಜಾಲರಿ ಬಟ್ಟೆ ಹಾಕಿಸುತ್ತೇನೆ. ಹೊಲಿಯುವವರು ಹೆಚ್ಚಿನ ಕೂಲಿಗೆ ಒಪ್ಪಿದ್ದಾರೆ.