ಹಳೇ ಫ್ರೆಂಚ್ ಸೈಕಲ್ಲಿಗೆ ಗೇರ್ ಬದ್ಲಿ ಮಾಡ್ಸೋರು ಮೊದ್ಲ ತಿರುಪಿನ ಥ್ರೆಡ್ ಅಳತಿ ಮಾಡ್ಸ್ರಿ

ಪುಣೆದಾಗ ಇರೋ ನಮ್ಮ ಸೈಕಲ್ ಮಂದಿಗೆ ಇದು. ಯಾರದರ ಮನ್ಯಾಗ ಅಜ್ಜಂದೋ ಮಾವಂದೋ ಹಳೇ ರೋಡ್ ಬೈಕ್ ಇದ್ದು, ಹಗುರ ಗೇರ್ ಹಾಕ್ಸಿ ಸಿಂಹಗಡದ ಗುಡ್ಡ ಏರಬೇಕು ಅಂತ ಆಸೆ ಇತ್ತಂದ್ರ ಒಂದ್ ಐದ್ ನಿಮಿಷ ಓದ್ರಿ. ನಂದು ಹನ್ನೊಂದ್ ಸಾವಿರ ಹೋತು, ರೊಕ್ಕದ್ದು ಇರ್ಲಿ, ಹೋದ ಸಾಮಾನು ತಿರುಗಿ ಸಿಗ್ವಲ್ದು.

ಸೈಕಲ್ ಪ್ಯೂಜೊ, ನಮ್ಮ ಸೋದರಮಾವ 1979ರಾಗ ಟ್ರೇನಿಂಗಿಗಂತ ಫ್ರಾನ್ಸಿಗೆ ಹೋದಾಗ ತಂದಿದ್ದು. ಧಾರವಾಡದ ಮನಿ ಅಟ್ಟದ ಮ್ಯಾಲೆ ಗೋಣಿಚೀಲ ಹೊದ್ಕೊಂಡು ಮಲ್ಗಿತ್ತು. ಕೇಳಿದ್ರ, "ತೊಗೊಂಡ್ ಹೋಗಪಾ, ನನ್ನ ಮೊಣಕಾಲಿಗೆ ಈಗ ಮನಿ ಮೆಟ್ಲ ಏರೂದ ಹೆಚ್ಚಾಗೇದ" ಅಂದ್ರು. ಕೋಥ್ರೂಡಿಗೆ ತಂದು ತೊಳದು ಎಣ್ಣಿ ಹಾಕಿ ಟೈರ್ ಬದ್ಲಿಸಿದ್ರ ಹಾಂಗ ಓಡ್ತು ನೋಡ್ರಿ, ನಾಕ್ ದಿನ ಕರ್ವೆ ರೋಡ್ ತುಂಬ ನಂದ ಮೆರವಣಿಗಿ.

ಆದ್ರ ಮುಂದಿನ ಎರಡ್ ಚಕ್ರಕ್ಕ 52–42 ಹಲ್ಲು, ಹಿಂದ ಐದ್ ಚಕ್ರದ 14–24 ಹಲ್ಲಿನ ಫ್ರೀವೀಲ್ (ಹಿಂದಿನ ಗಾಲಿಗೆ ತಿರುವಿ ಕೂಡ್ಸೋ ಹಲ್ಲುಚಕ್ರದ ಗುಂಪು). ಸಪಾಟ್ ರಸ್ತಾಕ್ಕ ಚಲೋ, ಡೋಣಜೆ ದಾಟಿ ಗಡದ ಏರು ಚಾಲೂ ಆತಂದ್ರ ಸಣ್ಣ ಗೇರ್ ಅಂದ್ರ 42ಕ್ಕ 24, ಪೆಡಲ್ ಒಂದ್ ಸುತ್ತು ತಿರುಗಿದ್ರ ಗಾಲಿ 1.75 ಸುತ್ತು, ನನ್ನಂಥ ಆಫೀಸ್ ಹೊಟ್ಟಿಯವಂಗ ಅದು ಆಗೂ ಮಾತಲ್ಲ. ಮೂರನೇ ತಿರುವಿಗೆ ಇಳದು ತಳ್ಕೋತ ಹೋಗ್ತಿದ್ದೆ, ಬಾಜೂಕ ಜೀಪಿನ್ಯಾಗ ಕೂತ ಹುಡುಗ್ರು ನಗ್ತಿದ್ವು.

ಗೇರ್ ಬದ್ಲಿಸ್ಲಿಕ್ಕೆ ಒಯ್ದ ಅಂಗಡಿ ಹೆಸರು ಬರ್ಯಂಗಿಲ್ಲ, ಕೇಳಬ್ಯಾಡ್ರಿ. ನಾ ಕೇಳಿದ್ದು ಹಿಂದಿನ ಫ್ರೀವೀಲ್ ಒಂದ ದೊಡ್ಡದು ಹಾಕ್ರಿ ಅಂತ. ಅಂಗಡಿಯವ ಸೈಕಲ್ ಸುತ್ತ ಒಂದ್ ಪ್ರದಕ್ಷಿಣಿ ಹಾಕಿ, ಸರ್ ಪೂರಾ ಸೆಟ್ ಹಾಕಿ ಬಿಡೂಣು, ಮುಂದ 50–34 ಕಾಂಪ್ಯಾಕ್ಟ್ ಕ್ರ್ಯಾಂಕ್ (ಪೆಡಲ್ ಕೂಡೋ ತೋಳು, ಹಲ್ಲುಚಕ್ರ ಸಮೇತ), ಹಿಂದ 14–28, ಹೊಸ ಬಿಬಿ (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕಿನ ಅಚ್ಚು ತಿರುಗೋ ಸಾಮಾನು), "ಹೋಊನ್ ಜಾಈಲ್", ಅಂದ್ರ ಆಗಿ ಹೋಗ್ತದ, ಅಂದ. 34ಕ್ಕ 28 ಅಂದ್ರ 1.21 ಆಗ್ತದ, ಗಣಿತ ಕೇಳಿ ನನ್ನ ಬಾಯಾಗ ನೀರು ಬಂತು. ಅಲ್ಲೇ ತಪ್ಪಿದ್ದು. ಫ್ರೀವೀಲ್ ಬದ್ಲಿಸೂದು ಒಂದು, ಬಾಟಮ್ ಬ್ರ್ಯಾಕೆಟ್ಟಿಗೆ ಕೈ ಹಾಕೂದು ಬ್ಯಾರೆನ ಒಂದು.

ಈಗ ಓದಿ ತಿಳ್ಕೊಂಡಿದ್ದು ಹೇಳ್ತೀನಿ. ಇವತ್ತಿನ ಥ್ರೆಡ್ ಇರೋ ಬಿಬಿ ಬಹಳಷ್ಟು ಇಂಗ್ಲಿಷ್ ಅಳತಿದು, 34.8 ಮಿ.ಮೀ. ವ್ಯಾಸ, ಇಂಚಿಗೆ 24 ಥ್ರೆಡ್, ಅದರಾಗ ಬಲಗಡಿ ಕಪ್ಪಿಂದು (ಕಪ್ ಅಂದ್ರ ಫ್ರೇಮಿನ ಕೊಳವಿಯಾಗ ತಿರುವಿ ಕೂಡ್ಸೋ ಬಟ್ಟಲು) ಎಡಗೈ ಥ್ರೆಡ್, ಅಂದ್ರ ಗಡಿಯಾರದ ದಿಕ್ಕಿಗೆ ತಿರುವಿದ್ರ ಬಿಚ್ಚತದ. ನನ್ನಂಥ ಆಗಿನ ಕಾಲದ ಫ್ರೆಂಚ್ ಸೈಕಲ್ಲಿಂದು 35 ಮಿ.ಮೀ., ಥ್ರೆಡ್ಡಿಗೆ 1 ಮಿ.ಮೀ., ಎರಡೂ ಕಪ್ಪು ಬಲಗೈ ಥ್ರೆಡ್. ಇಂವ ಇಂಗ್ಲಿಷ್ ಅಂತ ತಿಳ್ಕೊಂಡು ಬಲಗಡಿ ಕಪ್ಪು ಬಿಚ್ಚಲಿಕ್ಕೆ ಪಾನಾಕ್ಕ ಎರಡ್ ಫೂಟಿನ ಪೈಪ್ ಸಿಗಿಸಿ ಗಡಿಯಾರದ ದಿಕ್ಕಿಗೆ ತಿರುವ್ಯಾನ, ಅಂದ್ರ ಬಿಚ್ಚೂ ಬದ್ಲಿ ಇನ್ನಷ್ಟು ಬಿಗಿ ಮಾಡ್ಯಾನ. ಸಂಜಿಕೆ ನಾ ಹೋದಾಗ ಕಪ್ಪಿನ ಅಂಚು ಸವದು ದುಂಡಗಾಗಿತ್ತು, ಹೆಂಗೋ ಕಿತ್ತ ಹಳೇ ಕಪ್ಪು ಹೊರಗ ಬಿದ್ದಿತ್ತು, ಹೊಸಾದು ತುರುಕೂ ಕೆಲಸ ನಡದಿತ್ತು. ಕೆಳಗ ಹಾಸಿದ ಮರಾಠಿ ಪೇಪರಿನ ಮ್ಯಾಲೆ ಸಣ್ಣ ಸಣ್ಣ ಉಕ್ಕಿನ ಎಳಿ, ಪೆನ್ಸಿಲ್ ಹೆರದಾಗ ಬೀಳ್ತಾವಲ್ಲ ಹಂಗ ಸುರುಳಿ ಸುರುಳಿ, ಮಿಂಚ್ತಿದ್ವು. ಏನಪಾ ಇದು ಅಂದೆ. "ಆಟೆ ಸಾಫ್ ಹೋತಾಯತ್ ಸರ್" ಅಂದ. ಆಟೆ ಅಂದ್ರ ಥ್ರೆಡ್. ಸಾಫ್ ಆಗ್ತಿರ್ಲಿಲ್ಲ, ಸಾಫ್ ಸಾಫ್ ಹೋಗ್ತಿದ್ವು! ನಾ ಚಾ ಕುಡ್ಕೋತ ನೋಡ್ಕೋತ ನಿಂತಿದ್ದೆ, ಅದ ಈಗೂ ಸಿಟ್ಟು ಬರ್ತದ ನನ್ನ ಮ್ಯಾಲೆ ನನಗ.

ಮೂರ್ ವಾರ ಓಡ್ತು. ಎರಡನೇ ವಾರದಾಗ ಪೆಡಲ್ ತುಳದಾಗ ಕಟ್ ಕಟ್ ಅನ್ನಲಿಕ್ಕೆ ಹತ್ತಿತ್ತು, ಫೋನ್ ಮಾಡಿದ್ರ "ಹೊಸಾ ಸಾಮಾನು ಸರ್, ಸೆಟ್ ಆಗ್ತದ" ಅಂದ. ಆಮೇಲೊಂದ್ ರವಿವಾರ ಸಿಂಹಗಡದ ಏರಿನ್ಯಾಗ, ಖರೇ ಹೇಳ್ತೀನಿ 34–28 ಭಾಳ ಮಸ್ತ್ ಇತ್ತು, ಜೀವನದಾಗ ಮೊದಲ ಸಲ ಕೂತ ಏರ್ತಿದ್ದೆ, ಕಾಂದಾ ಭಜಿ ಕಣ್ಣ ಮುಂದ ಬಂದಿತ್ತು, ಅಷ್ಟ್ರಾಗ ಬಲಗಾಲ ಹೊರಗ ಜಾರಿದಂಗ ಆತು. ಬಗ್ಗಿ ನೋಡಿದ್ರ ಕಪ್ಪು ಅರ್ಧ ಹೊರಗ ಬಂದದ, ಕ್ರ್ಯಾಂಕ್ ಹಲ್ಲು ಅಲುಗ್ದಂಗ ಅಲುಗ್ತದ, ಚೈನ್ ಕೆಳಗ. ಜೀಪಿನ ಮ್ಯಾಲೆ ಸೈಕಲ್ ಕಟ್ಕೊಂಡು ಬಂದೆ, ಈ ಸಲ ಜೀಪಿನ ಒಳಗ ನಾನು.

ಫ್ರೀವೀಲಿಂದೂ ಅದ ಕಥಿ. ಫ್ರೆಂಚ್ ಹಬ್ಬಿನ (ಗಾಲಿ ನಡುವಿನ ಭಾಗದ) ಥ್ರೆಡ್ 34.7 ಮಿ.ಮೀ., ಇಂವ ಹಾಕಿದ ಫ್ರೀವೀಲ್ ಇಂಗ್ಲಿಷ್, ಹೆಚ್ಚೂಕಡಿಮಿ 34.9. ಕೈಲೆ ಹಗುರಕ ಕೂಡ್ತದ, ಅದಕ್ಕ ಯಾರಿಗೂ ಸಂಶೇ ಬರಂಗಿಲ್ಲ, ಏರಿನ ಭಾರ ಬಿದ್ದ ಮ್ಯಾಲೆ ಹಬ್ಬಿನ ಥ್ರೆಡ್ ನೆಲಸಮ. ಹಿಂದಿನ ಗಾಲಿನೂ ಹೋತು.

ಸರಿ ಮಾಡ್ಸಿದ್ದು ಹೆಂಗ ಅಂದ್ರ, ಥ್ರೆಡ್ ಬೇಕಾಗದಂಥ ಬಿಬಿ ಸಿಗ್ತಾವ, ಎರಡ್ ಕಪ್ಪು ಒಂದಕ್ಕೊಂದು ತಿರುವಿ ಒಳಗಿಂದ ಬಿಗಿ ಹಿಡೀತಾವ, ಅದು ತರ್ಸಿದೆ. ಇನ್ನೊಂದ್ ದಾರಿ ಅಂದ್ರ ಶೆಲ್ಲಿನ್ಯಾಗ (ಬಿಬಿ ಕೂಡೋ ಫ್ರೇಮಿನ ಕೊಳವಿಯಾಗ) 36 ಮಿ.ಮೀ. ಇಟಾಲಿಯನ್ ಥ್ರೆಡ್ ಹೊಡ್ಸೂದು, ಆ ಥ್ರೆಡ್ ಕೊರಿಯೋ ಟ್ಯಾಪ್ ಇಲ್ಲಿ ನನಗ ಯಾರ ಹತ್ರಾನೂ ಸಿಗ್ಲಿಲ್ಲ. ನಿಮ್ಮದು ಇಟಾಲಿಯನ್ ಸೈಕಲ್ ಇದ್ರ ಶೆಲ್ಲಿನ ಅಗಲ 70 ಮಿ.ಮೀ. ಬರ್ತದ, ಇಂಗ್ಲಿಷ್ ಫ್ರೆಂಚ್ ಎರಡೂ 68, ಹಂಗಾಗಿ ಬರೇ ಅಗಲ ಅಳದು ಇಂಗ್ಲಿಷ್ ಅಂತ ತೀರ್ಮಾನ ಮಾಡಬ್ಯಾಡ್ರಿ, ವರ್ನಿಯರ್ (ಸೂಕ್ಷ್ಮ ಅಳತಿ ಪಟ್ಟಿ) ಹಿಡಿಯೋ ಮೆಕ್ಯಾನಿಕ್ ಹುಡಕ್ರಿ. ನನಗ ಖರೇ ಬೇಕಾಗಿದ್ದು ಫ್ರೆಂಚ್ ಥ್ರೆಡ್ಡಿನ ಒಂದ್ 28ರ ಫ್ರೀವೀಲ್ ಅಷ್ಟ, 42ಕ್ಕ 28 ಅಂದ್ರ ಒಂದೂವರಿ, ಒದ್ದಾಡ್ಕೋತ ಏರ್ತಿದ್ದೆ.

ಇನ್ನೊಂದು, ಹಳೇ ಸಾಮಾನು ಕೇಳಿ ಇಸ್ಕೊಳ್ರಿ, ಎಷ್ಟ ತುಕ್ಕ ಹಿಡಿದಿರ್ಲಿ. ಹಳೇ ಕ್ರ್ಯಾಂಕು, ಸ್ಪಿಂಡಲ್ (ಅಚ್ಚು), ಕಪ್ಪು, ಕಾಟರ್ ಪಿನ್ (ಕ್ರ್ಯಾಂಕ್ ಅಚ್ಚಿಗೆ ಬಿಗಿಯೋ ಮೊಳಿ) ಎಲ್ಲಾ ಅಂಗಡಿಯವ ಗುಜರಿಗೆ ಹಾಕಿದ್ದ, ಕಿಲೋಕ್ಕ ಇಷ್ಟು ಅಂತ. ಫ್ರೆಂಚ್ ಕಾಟರ್ ಪಿನ್ 9 ಮಿ.ಮೀ., ನಮ್ಮ ಕಡಿ ಸೈಕಲ್ದು 9.5, ಅದೂ ಸಿಗಂಗಿಲ್ಲ. ಮಾವಗ ಇನ್ನೂ ಹೇಳಿಲ್ಲ, ಫೋನ್ ಮಾಡಿದಾಗೆಲ್ಲ "ಗಾಡಿ ಹೆಂಗದನೋ" ಅಂತಾರ, "ಮಸ್ತ್ ಅದ ಮಾವ" ಅಂತೀನಿ. ರವಿವಾರ ಈಗ ಸಿಂಹಗಡ ಬಿಟ್ಟು ಹಳೇ ಸಾಮಾನಿನ ಜುನಾ ಬಾಜಾರಿಗೆ ಹೋಗ್ತೀನಿ, ಕಿಸೆದಾಗ ವರ್ನಿಯರ್ ಇಟ್ಕೊಂಡು, ಕಬ್ಬಿಣದ ರಾಶಿ ಮುಂದ ಕುಕ್ಕರಗಾಲಿಲೆ ಕೂತು ಒಂದೊಂದ ಕಪ್ಪು ಅಳೀತೀನಿ. ಇಲ್ಲೀತನ ಎಲ್ಲಾ 34.8.